ಯಾರ ಜಗಳ, ಯಾರ ನಿಷ್ಠೆ?

1997ರ ಆಗಸ್ಟ್ 6ರಂದು ಅಮೆರಿಕದ ಬಾಸ್ಟನ್ ನಗರದ ಸಭಾಂಗಣವೊಂದರಲ್ಲಿ ಆಪಲ್ ಕಂಪೆನಿಯ ಅಭಿಮಾನಿಗಳು ಕಿಕ್ಕಿರಿದು ಸೇರಿದ್ದರು. ಗಿರಾಕಿಗಳು ಎನ್ನಬೇಕಾದ ಕಡೆ ಅಭಿಮಾನಿಗಳು ಎಂಬ ಪದವನ್ನು ತಿಳಿದೇ ಬಳಸುತ್ತಿದ್ದೇವೆ. ಕಂಪೆನಿ ಆಗ ನಷ್ಟದ ಮೇಲೆ ನಷ್ಟ ಅನುಭವಿಸಿ ಇಂದೋ ನಾಳೆಯೋ ಎಂಬ ಸ್ಥಿತಿಯಲ್ಲಿತ್ತು. ಹನ್ನೆರಡು ವರ್ಷಗಳ ಹಿಂದೆ ಅಲ್ಲಿಂದ ಹೊರನಡೆದಿದ್ದ ಸ್ಟೀವ್ ಜಾಬ್ಸ್ ಮರಳಿ ಬಂದಿದ್ದರು. ಅವರು ವೇದಿಕೆಯಿಂದ ಒಂದು ಸುದ್ದಿ ಹೇಳಿದರು. ಬದ್ಧವೈರಿ ಎಂದು ಎಲ್ಲರೂ ತಿಳಿದಿದ್ದ ಮೈಕ್ರೋಸಾಫ್ಟ್ ಆಪಲ್‌ನಲ್ಲಿ 15 ಕೋಟಿ ಡಾಲರ್ ಹೂಡಲಿದೆ. ಮುಂದಿನ 5 ವರ್ಷ ಆಪಲ್‌ನ ಮ್ಯಾಕಿಂತೋಷ್ ಕಂಪ್ಯೂಟರಿಗೆ ಬೇಕಾದ ಆಫೀಸ್ ತಂತ್ರಾಂಶವನ್ನು ತಯಾರಿಸಿಕೊಡಲಿದೆ. ಬಳಿಕ ಹಿಂದಿನ ದೊಡ್ಡ ಪರದೆಯ ಮೇಲೆ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಅವರ ಮುಖ ಮೂಡಿತು. ಕೆಲವರು ಚಪ್ಪಾಳೆ ತಟ್ಟಿದರು. ಅನೇಕರು ಕೂಗಿ ಧಿಕ್ಕರಿಸಿದರು.

ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರುವಾಗ ನೆರೆಮನೆಯವನು ದುಡ್ಡು ತಂದುಕೊಟ್ಟರೆ ಅವನನ್ನೇ ಬೈದ ಹಾಗಾಯಿತು ಇದು. ಆದರೆ ಬೈದವರು ಮನೆಯವರೂ ಅಲ್ಲ. ಮನೆಯ ಯಜಮಾನ ವೇದಿಕೆಯ ಮೇಲೆ ನಿಂತು ಆ ಹಣವನ್ನು ಸಂತೋಷದಿಂದಲೇ ಸ್ವೀಕರಿಸುತ್ತಿದ್ದ. ಕೂಗಿದವರು ಆ ಯಜಮಾನನ ಅಂಗಡಿಯಲ್ಲಿ ಸಾಮಾನು ಕೊಂಡವರು. ಮಾರುವವನಿಗೆ ಇಲ್ಲದ ರೋಷ ಕೊಂಡವನಿಗೆ ಎಲ್ಲಿಂದ ಬಂತು?

ಇಂದು ಆ ಸಭಾಂಗಣ ನಮ್ಮ ಮನೆಗಳಿಗೇ ಬಂದಿದೆ. ಮದುವೆ ಮನೆಯಲ್ಲಿ ಊಟಕ್ಕೆ ಕಾದು ಕುಳಿತ ಹುಡುಗರ ಮಾತು ಕೇಳಿ ನೋಡಿ. ಐಫೋನ್ ಹಿಡಿದವನು ಆಂಡ್ರಾಯ್ಡ್ ಹಿಡಿದವನ ಕಾಲೆಳೆಯುತ್ತಾನೆ. ಆಂಡ್ರಾಯ್ಡ್‌ನವನು, ದುಡ್ಡು ಕೊಟ್ಟು ಸೇಬಿನ ಚಿತ್ರ ಕೊಂಡವನೆಂದು ಇವನನ್ನು ಗೇಲಿ ಮಾಡುತ್ತಾನೆ. ಒಬ್ಬ ವಿಂಡೋಸ್ ಕೆಟ್ಟದ್ದೆಂದರೆ ಇನ್ನೊಬ್ಬ ಮ್ಯಾಕ್ ಬರಿಯ ಥಳುಕು ಎನ್ನುತ್ತಾನೆ. ಎಲ್ಲವನ್ನೂ ತಳ್ಳಿಹಾಕಿ ಲಿನಕ್ಸ್ ಎನ್ನುವ ಮೂರನೆಯವನೊಬ್ಬ ಸದಾ ಇರುತ್ತಾನೆ. ಅವನ ಮಾತನ್ನು ಯಾರೂ ಪೂರ್ತಿ ಕೇಳುವುದಿಲ್ಲ. ಇದರಲ್ಲಿ ನೀತಿ ಅನೀತಿಯ ಪ್ರಶ್ನೆ ಎಲ್ಲಿ ಬಂತು, ಹುಡುಗರ ಹರಟೆಯಲ್ಲವೇ ಎಂದು ಓದುಗರು ಕೇಳಬಹುದು. ಹರಟೆ ಹರಟೆಯಾಗಿಯೇ ಇದ್ದರೆ ನಮ್ಮ ತಕರಾರಿಲ್ಲ. ಅದು ನಿಷ್ಠೆಯ ರೂಪ ತಾಳಿದಾಗ, ಮನುಷ್ಯ ತನ್ನ ನಿಷ್ಠೆಯನ್ನು ಯಾರಿಗೆ ಸಲ್ಲಿಸಬೇಕು ಎಂಬ ಹಳೆಯ ಪ್ರಶ್ನೆ ಎದುರಾಗುತ್ತದೆ.

ಮೊದಲು ಆ ಜಗಳದ ಚರಿತ್ರೆಯನ್ನೇ ನೋಡೋಣ. ಪರದೆಯ ಮೇಲೆ ಕಿಟಕಿಗಳು, ಚಿತ್ರಗಳು, ಅವುಗಳ ಮೇಲೆ ಓಡಾಡುವ ಮೌಸು ಇವೆಲ್ಲ ಒಂದು ಕಂಪ್ಯೂಟರಿನಲ್ಲಿ ಒಟ್ಟಾಗಿ ರೂಪುಗೊಂಡದ್ದು ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ. 1979ರಲ್ಲಿ ಜಾಬ್ಸ್ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ನೋಡಿ ಬಂದರು. 1984ರಲ್ಲಿ ಮ್ಯಾಕಿಂತೋಷ್ ಬಂತು, ಮರುವರ್ಷ ಮೈಕ್ರೋಸಾಫ್ಟ್‌ನ ವಿಂಡೋಸ್ ಬಂತು. ನಮ್ಮದನ್ನು ಕದ್ದಿದ್ದಾರೆಂದು ಆಪಲ್ 1988ರಲ್ಲಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿ 1994ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಇಂದು ಲೆಕ್ಕಪತ್ರ ಬರೆಯುವವರೆಲ್ಲ ಬಳಸುವ ಎಕ್ಸೆಲ್ ಅನ್ನು ಮೈಕ್ರೋಸಾಫ್ಟ್ ಮೊದಲು ತಯಾರಿಸಿದ್ದು ಮ್ಯಾಕಿಂತೋಷ್‌ಗಾಗಿ, 1985ರಲ್ಲಿ. ಅದು ವಿಂಡೋಸ್‌ಗೆ ಬಂದದ್ದು ಎರಡು ವರ್ಷ ತಡವಾಗಿ. ನ್ಯಾಯಾಲಯದಲ್ಲಿ ಕಾದಾಡುತ್ತಿದ್ದ ವರ್ಷಗಳಲ್ಲೂ ಒಬ್ಬರ ಯಂತ್ರದ ಮೇಲೆ ಇನ್ನೊಬ್ಬರ ಸಾಮಾನು ಮಾರಾಟವಾಗುತ್ತಲೇ ಇತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಇವರದೂ ಅಷ್ಟೇ. ಅವರು ಉಂಡು ಮಲಗಿದ ಮೇಲೂ ಬೀದಿಯಲ್ಲಿ ನಿಂತು ಬಡಿದಾಡುತ್ತಿದ್ದವರು ನೆರೆಹೊರೆಯವರು.

ಬಾಸ್ಟನ್ನಿನ ಆ ಕೂಗಿನ ಒಳಗೇನಿತ್ತು ಎಂದು ಯೋಚಿಸುವಾಗ ನಮಗೆ ಹೆನ್ರಿ ತಾಜ್‌ಫೆಲ್ ನೆನಪಾಗುತ್ತಾರೆ. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಸೆರೆ ಸಿಕ್ಕು, ಬದುಕಿ ಹೊರಬಂದಾಗ ಮನೆಯವರಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ಮನುಷ್ಯರು ನಮ್ಮವರು ಮತ್ತು ಅವರು ಎಂದು ಒಡೆದುಕೊಳ್ಳುವುದು ಹೇಗೆ ಎಂಬುದನ್ನೇ ಅವರು ಆಮೇಲೆ ತಮ್ಮ ಅಧ್ಯಯನದ ವಸ್ತುವಾಗಿಸಿಕೊಂಡರು. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು ಹದಿನೈದರ ಶಾಲಾ ಹುಡುಗರನ್ನು ಕೂರಿಸಿ ಒಂದು ಪ್ರಯೋಗ ಮಾಡಿದರು. ಕ್ಲೇ ಮತ್ತು ಕಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ನಿನಗೆ ಇವರ ಚಿತ್ರ ಇಷ್ಟ, ನಿನಗೆ ಅವರದು ಎಂದು ಹುಡುಗರನ್ನು ಎರಡು ಗುಂಪು ಮಾಡಿದರು. ಈ ವಿಂಗಡಣೆ ಸಹ ನಿಜವಾದದ್ದಲ್ಲ, ಸುಮ್ಮನೆ ಹಂಚಿದ್ದು. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆಂದು ಯಾವ ಹುಡುಗನಿಗೂ ಗೊತ್ತಿರಲಿಲ್ಲ. ಬಳಿಕ ಇತರರಿಗೆ ಸ್ವಲ್ಪ ದುಡ್ಡು ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನ ಪರ ವಾಲಿದರು. ಇದು ನಿರೀಕ್ಷಿತವೇ ಇರಬಹುದು. ನಮ್ಮನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಭಾಗ. ತಮ್ಮ ಗುಂಪಿಗೆ ಹೆಚ್ಚು ದುಡ್ಡು ಸಿಗುವ ದಾರಿಯಿದ್ದರೂ, ಎದುರು ಗುಂಪಿಗಿಂತ ತಮ್ಮವರು ಮೇಲಿರುವ ದಾರಿಯನ್ನು ಅವರು ಆರಿಸಿದರು. ನಮಗೆ ಕಡಿಮೆ ಬಂದರೂ ಸರಿಯೇ, ಅವರಿಗೆ ಇನ್ನೂ ಕಡಿಮೆ ಬರಲಿ ಎಂಬ ಲೆಕ್ಕ. ತಮ್ಮ ಕಂಪೆನಿಯನ್ನು ಉಳಿಸಲು ಬಂದ 15 ಕೋಟಿ ಡಾಲರನ್ನು ನೋಡಿ ಕೂಗಿದವರ ಲೆಕ್ಕವೂ ಇದೇ ಅಲ್ಲವೇ?

1994ರಲ್ಲಿ ಇಟಲಿಯ ಲೇಖಕ ಉಂಬರ್ತೋ ಎಕೋ ಒಂದು ತಮಾಷೆಯ ಅಂಕಣ ಬರೆದು, ಮ್ಯಾಕಿಂತೋಷ್ ಬಳಸುವವರನ್ನು ಕ್ಯಾಥೊಲಿಕರಿಗೂ ಮೈಕ್ರೋಸಾಫ್ಟ್‌ನ ಡಾಸ್ ಬಳಸುವವರನ್ನು ಪ್ರಾಟೆಸ್ಟೆಂಟರಿಗೂ ಹೋಲಿಸಿದ್ದರು. ಅಂದಿನಿಂದ ಈ ಜಗಳವನ್ನು ಧರ್ಮಯುದ್ಧ ಎಂದು ಕರೆಯುವುದು ರೂಢಿಯಾಗಿದೆ. ಧರ್ಮದ ಹೆಸರಿನಲ್ಲಿ ಬೀದಿಗಳು ಹೊತ್ತಿ ಉರಿದದ್ದನ್ನು ಕಂಡ ನಾಡಿನವರಾದ ನಮಗೆ ಆ ಹೋಲಿಕೆ ಅಷ್ಟು ಸಲೀಸಾಗಿ ನಗು ತರಿಸುವುದಿಲ್ಲ. ಅದು ಸರಿಯಾದ ಹೋಲಿಕೆಯೂ ಅಲ್ಲ. ಧರ್ಮ ಯಾವುದೇ ಇರಲಿ, ತನ್ನನ್ನು ನಂಬಿದವನ ಆಸೆಗೆ ಕಡಿವಾಣ ಹಾಕಲು ನೋಡುತ್ತದೆ. ಕಂಪೆನಿ ತನ್ನನ್ನು ನಂಬಿದವನಿಂದ ಕೇಳುವುದು ಮುಂದಿನ ವರ್ಷದ ಮಾದರಿಯನ್ನೂ ಕೊಳ್ಳಬೇಕೆಂಬುದನ್ನು ಮಾತ್ರ.

ಹಾಗಾದರೆ ಇದಕ್ಕೆ ಏನೆನ್ನಬೇಕು? ಉರ್ದುವಿನಲ್ಲಿ ಓದಿದವರಿಗೆ ಅಸಬಿಯತ್ ಎಂಬ ಪದ ಗೊತ್ತು. 1377ರಲ್ಲಿ ಇಂದಿನ ಅಲ್ಜೀರಿಯದ ಕೋಟೆಯೊಂದರಲ್ಲಿ ಕುಳಿತು ತನ್ನ ಮುಖದ್ದಿಮಾ ಬರೆದ ಇಬ್ನ್ ಖಲ್ದೂನ್ ಈ ಪದವನ್ನು ಬಲು ಗಂಭೀರವಾಗಿ ಬಳಸಿದ. ಕಷ್ಟದ ಬದುಕಿನಲ್ಲಿ ಒಬ್ಬರಿಗೊಬ್ಬರು ಆಗುವ ಬುಡಕಟ್ಟಿನ ಜನರ ಒಗ್ಗಟ್ಟು ಅದು. ಅದರಿಂದ ರಾಜ್ಯಗಳು ಏಳುತ್ತವೆ, ಸುಖಭೋಗ ಹೆಚ್ಚಿದಾಗ ಅದು ಸಡಿಲಗೊಂಡು ಅವು ಬೀಳುತ್ತವೆ ಎಂಬುದು ಅವನ ವಾದ. ಆ ಪದಕ್ಕೆ ಅವನಿಗಿಂತ ಹಳೆಯದಾದ ಇನ್ನೊಂದು ಅರ್ಥವಿದೆ. ತನ್ನವರನ್ನು ಪ್ರೀತಿಸುವುದು ತಪ್ಪಲ್ಲ, ತನ್ನವರ ಅನ್ಯಾಯಕ್ಕೆ ಒತ್ತಾಸೆಯಾಗಿ ನಿಲ್ಲುವುದು ತಪ್ಪು, ಆ ತಪ್ಪೇ ಅಸಬಿಯತ್ ಎಂದು ನಮ್ಮ ಹಿರಿಯರು ಕಲಿಸಿದ್ದರು. ಈ ಎರಡು ಅರ್ಥಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಂಪೆನಿ ಅಭಿಮಾನದ ವಿಚಿತ್ರ ಗೊತ್ತಾಗುತ್ತದೆ. ಮೊದಲನೆಯ ಅರ್ಥದ ಒಳಿತು ಇದರಲ್ಲಿಲ್ಲ. ಒಂದೇ ಬಗೆಯ ಫೋನ್ ಇಟ್ಟುಕೊಂಡವರು ಹೆಣ ಹೊರಲಿಕ್ಕೋ ಮದುವೆಯ ಚಪ್ಪರಕ್ಕೋ ಒಬ್ಬರಿಗೊಬ್ಬರು ಆಗುವುದಿಲ್ಲ. ಎರಡನೆಯ ಅರ್ಥದ ಕೆಡುಕು ಮಾತ್ರ ಇದೆ. ತಮ್ಮ ಕಂಪೆನಿಯ ಮೇಲೆ ಆರೋಪ ಬಂದೊಡನೆ, ಸಂಬಳವಿಲ್ಲದ ವಕೀಲರು ಸಾವಿರಾರು ಮಂದಿ ಎದ್ದು ನಿಲ್ಲುತ್ತಾರೆ.

ಹಿಂದೆಯೂ ನಮ್ಮಲ್ಲಿ ಇಂಥ ಹರಟೆಗಳಿದ್ದವು. ಮೈಸೂರಿನಲ್ಲಿ 1961ರಿಂದ ಜಾವಾ ಮೋಟಾರ್ ಸೈಕಲ್ ತಯಾರಾಗುತ್ತಿತ್ತು, ಆಮೇಲೆ ಅದೇ ಯೆಜ್ದಿ ಆಯಿತು. ಮದರಾಸಿನಿಂದ ಬುಲೆಟ್ ಬರುತ್ತಿತ್ತು. ಗ್ಯಾರೇಜಿನ ಮುಂದೆ ಈ ಎರಡು ಪಂಗಡದವರ ನಡುವೆ ನಡೆಯುತ್ತಿದ್ದ ಮಾತಿಗೆ ಕೊನೆಯೇ ಇರಲಿಲ್ಲ. ಬುಲೆಟ್‌ನವನು ಜಾವಾದ ಹೊಗೆಯನ್ನೂ ಪೆಟ್ರೋಲಿಗೆ ಎಣ್ಣೆ ಬೆರೆಸುವ ರಗಳೆಯನ್ನೂ ಆಡಿಕೊಳ್ಳುತ್ತಿದ್ದ. ಜಾವಾದವನು ಬುಲೆಟ್‌ನ ಕಿಕ್ಕರ್ ತಿರುಗಿ ಹೊಡೆದು ಕಾಲು ಮುರಿಸಿಕೊಂಡವರ ಹೆಸರು ಎಣಿಸುತ್ತಿದ್ದ. ಒಂದೇ ಲಿವರಿನಿಂದ ಕಿಕ್ಕೂ ಹೊಡೆದು ಗೇರೂ ಹಾಕುವ ಜಾವಾದ ಜಾಣ್ಮೆಯನ್ನು ಬುಲೆಟ್‌ನವನೂ ಒಪ್ಪುತ್ತಿದ್ದ. ಮುಖ್ಯವಾಗಿ, ತನ್ನ ಗಾಡಿಯ ದೋಷ ಏನೆಂದು ಕೇಳಿದರೆ ಅದರ ಯಜಮಾನನೇ ಮೊದಲು ಹೇಳುತ್ತಿದ್ದ. ಕೈಗೆ ಗ್ರೀಸು ಮೆತ್ತಿಕೊಂಡು, ಬಿಚ್ಚಿ ಜೋಡಿಸಿ, ದಾರಿಯಲ್ಲಿ ಕೈಕೊಟ್ಟಾಗ ತಳ್ಳಿಕೊಂಡು ಬಂದವನ ಪ್ರೀತಿ ಅದು. ಪ್ರೀತಿ ಗಾಡಿಯ ಮೇಲಿತ್ತು, ಕಂಪೆನಿಯ ಮೇಲಲ್ಲ. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೂ ಆ ಗಾಡಿಗಳು ಓಡುತ್ತಲೇ ಇದ್ದವು.

ಈಗಿನ ಯಂತ್ರವನ್ನು ಬಿಚ್ಚುವಂತಿಲ್ಲ. ಬ್ಯಾಟರಿಯನ್ನು ಸಹ ನಾವೇ ಬದಲಿಸುವುದು ಸುಲಭವಲ್ಲ. ಒಳಗೇನಿದೆ ಎಂದು ತಿಳಿಯದಾಗ ಪ್ರೀತಿಸಲು ಉಳಿಯುವುದು ಹೊರಗಿನ ಹೆಸರೊಂದೇ. ಕಂಪೆನಿಗಳಿಗೆ ಇದು ಚೆನ್ನಾಗಿ ಗೊತ್ತು. 2006ರಿಂದ 2009ರವರೆಗೆ ಅಮೆರಿಕದ ಟಿವಿಗಳಲ್ಲಿ ಆಪಲ್‌ನ ಜಾಹೀರಾತು ಸರಣಿಯೊಂದು ಬರುತ್ತಿತ್ತು. ಬಿಳಿಯ ಹಿನ್ನೆಲೆಯಲ್ಲಿ ಇಬ್ಬರು ಗಂಡಸರು. ಲವಲವಿಕೆಯ ಯುವಕ ತಾನು ಮ್ಯಾಕ್ ಎನ್ನುತ್ತಿದ್ದ. ಕೋಟು ಹಾಕಿದ, ಸ್ವಲ್ಪ ಪೆದ್ದನಂತೆ ಕಾಣುವ ಇನ್ನೊಬ್ಬ ತಾನು ಪಿಸಿ ಎನ್ನುತ್ತಿದ್ದ. ಇಡೀ ಮಾತುಕತೆಯಲ್ಲಿ ಯಂತ್ರದ ಕೆಲಸಕ್ಕಿಂತ ಎದ್ದು ಕಾಣುತ್ತಿದ್ದುದು ಇಂಥವನಾಗಬೇಕೋ ಅಂಥವನಾಗಬೇಕೋ ಎಂಬ ಆಯ್ಕೆ. ಇದರ ಕೊನೆಯ ಅಂಕ ಇನ್ನೂ ಚೆನ್ನಾಗಿದೆ. ಮ್ಯಾಕ್ ಆಗಿ ನಟಿಸಿದ್ದ ಜಸ್ಟಿನ್ ಲಾಂಗ್ ಎಂಬ ಆ ನಟನನ್ನೇ 2021ರಲ್ಲಿ ಇಂಟೆಲ್ ಕಂಪೆನಿ ಕರೆತಂದು, ಪಿಸಿಯೇ ಮೇಲು ಎಂದು ಹೇಳಿಸಿತು. ನಟ ತನ್ನ ಕಸುಬು ಮಾಡಿದ, ತಪ್ಪೇನಿಲ್ಲ. ಅವನ ಮಾತು ಕೇಳಿ ಪಕ್ಷ ಸೇರಿದವರು ಮಾತ್ರ ಇನ್ನೂ ಅಲ್ಲೇ ಇದ್ದಾರೆ.

ಕಂಪೆನಿಗಳು ತಮ್ಮತಮ್ಮಲ್ಲಿ ಹೇಗಿದ್ದವು ಎಂಬುದು ನ್ಯಾಯಾಲಯದ ಕಾಗದಗಳಲ್ಲಿ ದಾಖಲಾಗಿದೆ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯ ಫೆಡರಲ್ ನ್ಯಾಯಾಲಯದಲ್ಲಿ ಲೂಸಿ ಕೋ ಎಂಬ ನ್ಯಾಯಾಧೀಶೆಯ ಮುಂದೆ ಎರಡು ದೊಡ್ಡ ಮೊಕದ್ದಮೆಗಳು ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ನಡೆದವು. ಒಂದು ಲೋಕಪ್ರಸಿದ್ಧ. ಫೋನಿನ ವಿನ್ಯಾಸ ಕದ್ದರೆಂದು 2011ರಲ್ಲಿ ಆಪಲ್ ಸ್ಯಾಮ್‌ಸಂಗ್ ಮೇಲೆ ಹೂಡಿದ ದಾವೆ ಅದು. 2012ರಲ್ಲಿ ಜ್ಯೂರಿ 105 ಕೋಟಿ ಡಾಲರ್ ಪರಿಹಾರ ವಿಧಿಸಿದಾಗ ಎರಡೂ ಕಡೆಯ ಅಭಿಮಾನಿಗಳು ಕ್ರಿಕೆಟ್ ಪಂದ್ಯ ಮುಗಿದವರಂತೆ ಕುಣಿದರು, ಅತ್ತರು. ಆ ವರ್ಷ ಐಫೋನಿನ ಒಳಗಿದ್ದ ಮುಖ್ಯ ಚಿಪ್ಪನ್ನು ತಯಾರಿಸಿಕೊಡುತ್ತಿದ್ದುದು ಇದೇ ಸ್ಯಾಮ್‌ಸಂಗ್. ಮೊತ್ತವನ್ನು ಮೇಲೆ ಕೆಳಗೆ ಮಾಡುತ್ತಾ ಹೋದ ಮೊಕದ್ದಮೆ 2018ರಲ್ಲಿ ರಾಜಿಯಲ್ಲಿ ಮುಗಿಯಿತು.

ಎರಡನೆಯದಕ್ಕೆ ಯಾರೂ ಕುಣಿಯಲಿಲ್ಲ. ಆಪಲ್, ಗೂಗಲ್, ಇಂಟೆಲ್, ಅಡೋಬಿ ಮುಂತಾದ ಕಂಪೆನಿಗಳು ಒಬ್ಬರ ಎಂಜಿನಿಯರುಗಳನ್ನು ಇನ್ನೊಬ್ಬರು ಕೆಲಸಕ್ಕೆ ಕರೆಯಬಾರದೆಂದು ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದವು. 2010ರಲ್ಲಿ ಅಮೆರಿಕ ಸರಕಾರದ ನ್ಯಾಯ ಇಲಾಖೆ ಇದನ್ನು ಬಯಲಿಗೆಳೆಯಿತು. ಹೊರಗೆ ಹೋಗುವ ದಾರಿ ಮುಚ್ಚಿದರೆ ಸಂಬಳ ಏರುವುದಾದರೂ ಹೇಗೆ? ಸುಮಾರು 64 ಸಾವಿರ ನೌಕರರ ಪರವಾಗಿ ದಾವೆ ನಡೆದು, 2015ರಲ್ಲಿ ಆ ನಾಲ್ಕು ಕಂಪೆನಿಗಳು ಒಟ್ಟು 41.5 ಕೋಟಿ ಡಾಲರ್ ಕೊಡಲು ಒಪ್ಪಿದ ರಾಜಿಗೆ ನ್ಯಾಯಾಲಯದ ಮುದ್ರೆ ಬಿತ್ತು. ಅದರ ಕಡತದಲ್ಲಿರುವ ಒಂದು ಪತ್ರ ವ್ಯವಹಾರ ಯಾವ ಕಥೆಗೂ ಕಡಿಮೆಯಿಲ್ಲ. 2007ರಲ್ಲಿ ಗೂಗಲ್‌ನ ನೇಮಕಾತಿ ವಿಭಾಗದವರೊಬ್ಬರು ಆಪಲ್‌ನ ಎಂಜಿನಿಯರ್‌ಗೆ ಕೆಲಸದ ಆಸೆ ತೋರಿಸಿದಾಗ ಜಾಬ್ಸ್ ಅವರು ಗೂಗಲ್‌ನ ಮುಖ್ಯಸ್ಥ ಎರಿಕ್ ಶ್ಮಿಡ್ಟ್‌ಗೆ ದೂರಿ ಬರೆದರು. ಶ್ಮಿಡ್ಟ್ ಆಗ ಆಪಲ್‌ನ ನಿರ್ದೇಶಕ ಮಂಡಳಿಯಲ್ಲೂ ಇದ್ದರು. ಕರೆದ ಆ ನೌಕರರನ್ನು ಕೆಲಸದಿಂದ ತೆಗೆಯಲಾಗುವುದು ಎಂಬ ಉತ್ತರ ಬಂತು. ಅದಕ್ಕೆ ಜಾಬ್ಸ್ ಅವರ ಪ್ರತಿಕ್ರಿಯೆ ಒಂದು ನಗುಮುಖದ ಚಿಹ್ನೆ, ಅಷ್ಟೇ. ಮುಂದೆ ಆಂಡ್ರಾಯ್ಡ್ ಬಂದಾಗ ಇದೇ ಜಾಬ್ಸ್ ಗೂಗಲ್ ಮೇಲೆ ಕೆಂಡ ಕಾರಿದರು. ಆದರೆ ಲೆಕ್ಕಾಚಾರ ನಿಲ್ಲಲಿಲ್ಲ. ಐಫೋನಿನಲ್ಲಿ ಹುಡುಕಾಟಕ್ಕೆ ತನ್ನನ್ನೇ ಮೊದಲು ಇಡಬೇಕೆಂದು 2022ರ ಒಂದೇ ವರ್ಷ ಗೂಗಲ್ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟದ್ದು ಇನ್ನೊಂದು ಮೊಕದ್ದಮೆಯ ಕಾಗದಗಳಿಂದ ಹೊರಬಿತ್ತು.

ಇಷ್ಟೆಲ್ಲ ತಿಳಿದರೂ ಮನುಷ್ಯ ಪಕ್ಷ ಬಿಡುವುದಿಲ್ಲ ಏಕೆ? ಒಂದು ಕಾರಣ ಬೆಲೆ. ಎರಡು ಮೂರು ತಿಂಗಳ ಸಂಬಳವನ್ನು ಕಂತಿನಲ್ಲಿ ಕಟ್ಟಿ ಕೊಂಡ ಸಾಮಾನು ಕೆಟ್ಟದ್ದೆಂದು ಒಪ್ಪಿದರೆ ತನ್ನ ವಿವೇಕವೇ ಕೆಟ್ಟದ್ದೆಂದು ಒಪ್ಪಿದ ಹಾಗೆ. ಹಾಗಾಗಿ ಶ್ರೀಮಂತನಿಗಿಂತ ಕಷ್ಟಪಟ್ಟು ಕೊಂಡವನೇ ಹೆಚ್ಚು ಗಟ್ಟಿಯಾಗಿ ವಾದಿಸುತ್ತಾನೆ. ಅವನನ್ನು ಕಂಡು ನಗುವುದು ನಮ್ಮಿಂದಾಗದು. ಇನ್ನೊಂದು ಕಾರಣ, ಒಮ್ಮೆ ಒಳಹೊಕ್ಕವನಿಗೆ ಹೊರಬರುವ ಬಾಗಿಲನ್ನು ಕಿರಿದು ಮಾಡಿಟ್ಟಿರುವುದು. ಅಮೆರಿಕದಲ್ಲಿ ಐಫೋನಿನಿಂದ ಐಫೋನಿಗೆ ಹೋಗುವ ಸಂದೇಶ ನೀಲಿ ಬಣ್ಣದಲ್ಲಿ, ಆಂಡ್ರಾಯ್ಡ್‌ಗೆ ಹೋಗುವುದು ಹಸಿರು ಬಣ್ಣದಲ್ಲಿ ಕಾಣುತ್ತದೆ. ಹಸಿರಿನವರನ್ನು ಶಾಲಾ ಮಕ್ಕಳು ಗುಂಪಿನಿಂದ ಹೊರಗಿಡುವ ಮಟ್ಟಿಗೆ ಇದು ಬೆಳೆಯಿತು. 2022ರಲ್ಲಿ ಸಭೆಯೊಂದರಲ್ಲಿ ಒಬ್ಬ ವ್ಯಕ್ತಿ, ತನ್ನ ತಾಯಿಗೆ ಕಳಿಸುವ ವಿಡಿಯೋಗಳು ಸರಿಯಾಗಿ ತಲುಪುವುದಿಲ್ಲವೆಂದು ಆಪಲ್‌ನ ಮುಖ್ಯಸ್ಥ ಟಿಮ್ ಕುಕ್ ಅವರ ಮುಂದೆ ಹೇಳಿಕೊಂಡ. ತಾಯಿಗೊಂದು ಐಫೋನ್ ಕೊಡಿಸಿ ಎಂಬುದು ಉತ್ತರ. ಸಭೆ ನಕ್ಕಿತು. ನಮ್ಮ ಕಡೆ ಎಲ್ಲರೂ ವಾಟ್ಸಾಪ್ ಹಿಡಿದದ್ದರಿಂದ ಬಣ್ಣದ ಈ ಅಸ್ಪೃಶ್ಯತೆ ನಮಗೆ ತಟ್ಟಲಿಲ್ಲ. ಇರುವುದೇ ನಮಗೆ ಸಾಕಷ್ಟಾಗಿದೆ.

ಈ ವಾಗ್ವಾದಗಳಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಎಷ್ಟು ಸುಲಭವಾಗಿ ಬಿಟ್ಟುಹೋಗುತ್ತವೆ ಎಂಬುದಕ್ಕೆ ಉದಾಹರಣೆಯೊಂದಿದೆ. ನಾವು ಉರ್ದು ಮತ್ತು ಕನ್ನಡ ಎರಡರಲ್ಲೂ ಅಕ್ಷರ ಕಲಿತವರು. ಐಫೋನ್ ಮಾರುಕಟ್ಟೆಗೆ ಬಂದದ್ದು 2007ರಲ್ಲಿ. ಅದರಲ್ಲಿ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಉರ್ದುವನ್ನು ಅದರ ಸಹಜವಾದ, ಇಳಿಜಾರಿನಂತೆ ಬಾಗಿದ ನಸ್ತಾಲೀಕ್ ಲಿಪಿಯಲ್ಲಿ ತೋರಿಸತೊಡಗಿದ್ದೂ ಅದೇ ಆವೃತ್ತಿಯಲ್ಲಿ. ಆಂಡ್ರಾಯ್ಡ್‌ಗೆ ಕನ್ನಡದ ಅಕ್ಷರಗಳು 2012ರ ಆವೃತ್ತಿಯಲ್ಲಿ ಬಂದವು. ಅದಕ್ಕೆ ಮೊದಲು ಎಷ್ಟೋ ಫೋನುಗಳಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಆ ವರ್ಷಗಳಲ್ಲಿ ಬೆಂಗಳೂರಿನ ಹುಡುಗರು ಕ್ಯಾಮೆರಾ ಯಾರದು ಮೇಲು, ಚಿಪ್ ಯಾರದು ವೇಗ ಎಂದು ಗಂಟೆಗಟ್ಟಲೆ ಕಾದಾಡಿದರು. ಇದರಲ್ಲಿ ಅಮ್ಮನಿಗೆ ಅವಳ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲು ಬರುತ್ತದೆಯೇ ಎಂಬುದು ವಾದದ ಪಟ್ಟಿಯಲ್ಲಿ ಇರಲೇ ಇಲ್ಲ. ಪಕ್ಷ ವಹಿಸಿದವನು ಎದುರಿನವನಿಗೆ ಉತ್ತರ ಹುಡುಕುತ್ತಾನೆಯೇ ಹೊರತು ತನ್ನವನನ್ನು ಪ್ರಶ್ನಿಸುವುದಿಲ್ಲ.

ಬಿಟ್ಟುಹೋದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇವುಗಳನ್ನು ಯಾರು ತಯಾರಿಸುತ್ತಾರೆ ಎಂಬುದು. 2010ರಲ್ಲಿ ಚೀನಾದ ಶೆನ್‌ಝೆನ್‌ನ ಫಾಕ್ಸ್‌ಕಾನ್ ಕಾರ್ಖಾನೆಗಳಲ್ಲಿ ಯುವ ಕಾರ್ಮಿಕರು ಒಬ್ಬರ ಹಿಂದೊಬ್ಬರಂತೆ ಕಟ್ಟಡದಿಂದ ಹಾರಿ ಪ್ರಾಣ ಕಳಕೊಂಡರು. ಬಿದ್ದವರನ್ನು ಹಿಡಿಯಲು ಕಟ್ಟಡದ ಸುತ್ತ ಬಲೆ ಕಟ್ಟಲಾಯಿತು. ಆ ಕಂಪೆನಿ ಆಪಲ್‌ಗೂ ಡೆಲ್‌ಗೂ ಎಚ್‌ಪಿಗೂ ಸಾಮಾನು ತಯಾರಿಸಿಕೊಡುತ್ತಿತ್ತು. ಅಂಗಡಿಯ ಗಾಜಿನ ಹಿಂದೆ ವೈರಿಗಳಾಗಿ ನಿಂತ ಪೆಟ್ಟಿಗೆಗಳು ಅಲ್ಲಿ ಒಂದೇ ಯಜಮಾನನ ಕೈಕೆಳಗೆ ಹುಟ್ಟುತ್ತಿದ್ದವು.

ಹತ್ತು ವರ್ಷಗಳ ಬಳಿಕ ಆ ಸುದ್ದಿ ನಮ್ಮ ಕೋಲಾರಕ್ಕೇ ಬಂತು. ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಸಿಟ್ಟಿಗೆದ್ದು ಗಾಜು ಒಡೆದರು, ವಾಹನ ಉರುಳಿಸಿದರು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ ಯುವಕ ಯುವತಿಯರು. ಹೇಳಿದಷ್ಟು ಸಂಬಳ ಬರುತ್ತಿಲ್ಲ, ಹೆಚ್ಚುವರಿ ದುಡಿಮೆಯ ಲೆಕ್ಕ ಸರಿಯಿಲ್ಲ ಎಂಬುದು ಅವರ ದೂರು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಸಂದಿಲ್ಲವೆಂದು ವಾರದೊಳಗೆ ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ತಪ್ಪು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಹೇಳಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಸೇರಿತು.

ಗಾಜು ಒಡೆದದ್ದು ಸರಿಯೆಂದು ನಾವು ಹೇಳುತ್ತಿಲ್ಲ. ಆದರೆ ಕಥೆ ಬರೆಯುವವರಾದ ನಮಗೆ ಗಾಜಿಗಿಂತ ಮೊದಲಿನ ದಿನಗಳ ಮೇಲೆ ಕಣ್ಣು. ಅಲ್ಲಿ ದುಡಿದವರ ಜೇಬಿನಲ್ಲಿ ಯಾವ ಫೋನಿತ್ತೆಂದು ಊಹಿಸಲು ಅವರ ಸಂಬಳದ ಚೀಟಿ ನೋಡಿದರೆ ಸಾಕು. ಇಡೀ ಪಾಳಿ ನಿಂತು ಒಂದು ಪಕ್ಷದ ಫೋನನ್ನು ಜೋಡಿಸಿದ ಹುಡುಗಿ, ಹೊರಗೆ ಬಂದು ಇನ್ನೊಂದು ಪಕ್ಷದ ಅಗ್ಗದ ಫೋನಿನಿಂದ ಊರಿಗೆ ಕರೆ ಮಾಡಿ, ದುಡ್ಡು ಇನ್ನೂ ಬಂದಿಲ್ಲಮ್ಮ, ಈ ವಾರವೂ ಕಳಿಸೋಕಾಗಲ್ಲ ಎಂದಿರಬೇಕು.